ತಾನೇ ನುಡಿಯುವ ಪಿಯಾನೊ: ಫೈಲಿನೊಳಗೆ ಏನಿದೆ, ಏನಿಲ್ಲ

ಪ್ಲೇಯರ್ ಪಿಯಾನೊ ಮನೆಗೆ ಬಂದ ಮೇಲೆ ಹುಟ್ಟುವ ತಕರಾರುಗಳಲ್ಲಿ ಸಂಗೀತದ್ದು ಕಡಿಮೆ, ಫೈಲಿನದೇ ಹೆಚ್ಚು. ಪೆನ್‌ಡ್ರೈವ್ ಚುಚ್ಚಿದರೆ ಪಿಯಾನೊ ಮಿಸುಕುವುದಿಲ್ಲ. ಇನ್ನೊಂದು ಫೈಲು ಹಾಕಿದರೆ ಎಡಗೈಯ ಭಾಗ ಮಾತ್ರ ಕೇಳುತ್ತದೆ. ಮತ್ತೊಂದರಲ್ಲಿ ಸ್ವರಗಳೆಲ್ಲ ಸರಿಯಾಗಿಯೇ ಬೀಳುತ್ತವೆ, ಆದರೆ ಟೈಪ್‌ರೈಟರ್ ಕುಟ್ಟಿದ ಹಾಗೆ. ಮಾರಿದವರು ಪಿಯಾನೊ ಚೆನ್ನಾಗಿದೆ ಅನ್ನುತ್ತಾರೆ, ಕೊಂಡವರು ಫೈಲು ಚೆನ್ನಾಗಿದೆ ಅನ್ನುತ್ತಾರೆ. ಬಹಳ ಸಲ ಇಬ್ಬರ ಮಾತೂ ನಿಜವೇ. ಆ ಫೈಲು ಆ ಪಿಯಾನೊಗೆ ಹೇಳಿದ್ದಲ್ಲ, ಅಷ್ಟೆ. ಈ ವಾದ್ಯದ ಬಗ್ಗೆ ಓಡಾಡುವ ತಪ್ಪು ತಿಳಿವಳಿಕೆಗಳಲ್ಲಿ ಮುಕ್ಕಾಲು ಪಾಲು ಒಂದೇ ಬೇರಿನಿಂದ ಚಿಗುರಿದವು.

ತಪ್ಪು ಕಲ್ಪನೆ: ಫೈಲಿನಲ್ಲಿ ಹಾಡು ಇದೆ, ಪಿಯಾನೊ ಅದನ್ನು ಹೊರಗೆ ಬಿಡುತ್ತದೆ.

ವಾಸ್ತವ: ಆ ಬೇರು ಇದೇ. ಈ ಪಿಯಾನೊ ಓದುವ ಮಿಡಿ ಫೈಲಿನಲ್ಲಿ ಧ್ವನಿ ಎಂಬುದು ಎಳ್ಳಷ್ಟೂ ಇಲ್ಲ. ಇರುವುದು ಬರೀ ಅಪ್ಪಣೆಗಳು: ಇಷ್ಟು ಹೊತ್ತಿಗೆ 60ನೇ ನಂಬರಿನ ಕೀ ಒತ್ತು, ಇಷ್ಟು ರಭಸದಲ್ಲಿ ಒತ್ತು, ಇಷ್ಟು ಹೊತ್ತಿಗೆ ಬಿಡು. 60 ಎಂದರೆ ಪಿಯಾನೊದ ನಟ್ಟನಡುವಿನ ಸಿ. 88 ಕೀಗಳಿಗೆ 21ರಿಂದ 108ರವರೆಗೆ ನಂಬರು ಕೊಟ್ಟಿದೆ. ಪ್ರತಿ ಕೀಯ ಹಿಂತುದಿಯ ಕೆಳಗೂ ಒಂದೊಂದು ಸೊಲೆನಾಯ್ಡ್ ಕೂತಿರುತ್ತದೆ. ತಾಮ್ರದ ತಂತಿಯ ಸುರುಳಿ, ನಡುವೆ ಕಬ್ಬಿಣದ ಕಡ್ಡಿ. ಕರೆಂಟ್ ಹರಿದಾಗ ಕಡ್ಡಿ ಮೇಲಕ್ಕೆ ಚಿಮ್ಮಿ ಕೀಯನ್ನು ಹಿಂದಿನಿಂದ ಎತ್ತುತ್ತದೆ, ಮುಂದಿನ ತುದಿ ತಾನಾಗಿ ಇಳಿಯುತ್ತದೆ, ಒಳಗಿನ ಸುತ್ತಿಗೆ ಹೋಗಿ ತಂತಿಗೆ ಬಡಿಯುತ್ತದೆ. ನಾದ ಹುಟ್ಟುವುದು ಅಲ್ಲಿ, ಆ ಕ್ಷಣದಲ್ಲಿ. ಅದೇ ಫೈಲನ್ನು ಪಕ್ಕದ ಮನೆಯ ಪಿಯಾನೊಗೆ ಹಾಕಿದರೆ ಬೇರೆಯೇ ನಾದ. ನಿಮ್ಮ ಪಿಯಾನೊ ಶ್ರುತಿ ಬಿಟ್ಟಿದ್ದರೆ ಜಗತ್ತಿನ ಅತ್ಯುತ್ತಮ ಫೈಲೂ ಅಪಸ್ವರವನ್ನೇ ನುಡಿಸುತ್ತದೆ.

ಅಪ್ಪಣೆ ಮಾತ್ರ ಇರುವುದರಿಂದಲೇ ಫೈಲು ಅಷ್ಟು ಚಿಕ್ಕದು. ಸಾಮಾನ್ಯ ಗುಣಮಟ್ಟದ ಎಂಪಿ3ಗೆ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ ಬೇಕು. ಡಿಸ್ಕ್‌ಲಾವಿಯರ್ ಎಂಬ ಯಮಾಹಾ ಕಂಪನಿಯ ಹಳೆಯ ಪ್ಲೇಯರ್ ಪಿಯಾನೊಗಳು ಬಳಸುತ್ತಿದ್ದ 720 ಕೆಬಿ ಫ್ಲಾಪಿಯಲ್ಲಿ ಅಂಥ ಎಂಪಿ3ಯ ಮುಕ್ಕಾಲು ನಿಮಿಷ ಹಿಡಿದೀತು. ಮಿಡಿಯಾದರೆ ಒಂದು ಇಡೀ ಕಛೇರಿಯ ಪಿಯಾನೊ ಅದರಲ್ಲಿ ಕೂರುತ್ತದೆ. ಫೈಲು 40 ಕೆಬಿ ಇದೆ ಎಂದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಎಂದುಕೊಂಡು ಅಳಿಸಿ ಹಾಕುವವರಿದ್ದಾರೆ. ದಯವಿಟ್ಟು ಅಳಿಸಬೇಡಿ, ಅದು ಪೂರ್ತಿಯಾಗಿಯೇ ಇದೆ.

ತಪ್ಪು ಕಲ್ಪನೆ: ಎಂಪಿ3 ಇದ್ದರೆ ಸಾಕು, ಒಂದು ಸಾಫ್ಟ್‌ವೇರ್‌ನಲ್ಲಿ ಮಿಡಿ ಮಾಡಿಕೊಂಡರಾಯಿತು.

ವಾಸ್ತವ: ಇಲ್ಲಿ ನಮ್ಮ ಮೈಸೂರಿನದೇ ಒಂದು ಉದಾಹರಣೆ ಇದೆ. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಯೋಜಕ ತನ್ನ ಕೃತಿಗಳನ್ನು ತಾನೇ ನುಡಿಸಿ ಎಚ್‌ಎಂವಿಗೆ ಧ್ವನಿಮುದ್ರಿಸಲು ಹಣ ಒದಗಿಸಿದವರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. 1940ರ ದಶಕದ ಕೊನೆಯ ಮಾತು ಅದು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಒಡೆಯರಿಗೇ ಅರ್ಪಿಸಿದ. ಆ ಮುದ್ರಿಕೆಗಳು ಇಂದು ಡಿಜಿಟಲ್ ರೂಪದಲ್ಲಿ ಸಿಗುತ್ತವೆ. ಹಾಗಾದರೆ ಮೆಟ್ನರ್ ಬೆರಳುಗಳನ್ನು ನಮ್ಮ ಪ್ಲೇಯರ್ ಪಿಯಾನೊಗೆ ಕರೆತರಬಹುದೇ?

ನೇರವಾಗಿ ಆಗದು. ಧ್ವನಿಮುದ್ರಣದಲ್ಲಿ ಇರುವುದು ಗಾಳಿಯ ಅಲೆ, ಎಲ್ಲ ತಂತಿಗಳ ನಾದವೂ ಕೋಣೆಯ ಮಾರ್ದನಿಯೂ ತಟ್ಟೆಯ ಸರಸರವೂ ಕಲಸಿಹೋದ ಒಂದೇ ಅಲೆ. ಅದರಿಂದ ಯಾವ ಕೀ ಯಾವಾಗ ಎಷ್ಟು ರಭಸದಲ್ಲಿ ಇಳಿಯಿತು, ಪೆಡಲ್ ಎಷ್ಟು ಒತ್ತಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕಬೇಕು. ಅಮೆರಿಕದ ಜೆನ್ಫ್ ಎಂಬ ಸಂಸ್ಥೆ ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ ನುಡಿಸಿದ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಮುದ್ರಣವನ್ನು ಹೀಗೆ ಬಿಡಿಸಿ, ಡಿಸ್ಕ್‌ಲಾವಿಯರ್ ಪಿಯಾನೊದಲ್ಲಿ ಮತ್ತೆ ನುಡಿಸಿ, 2007ರಲ್ಲಿ ಆಲ್ಬಮ್ ಆಗಿ ತಂದಿತು. ಅದರ ಹಿಂದೆ ಅಪಾರ ಶ್ರಮವಿತ್ತು. ಗುಂಡಿ ಒತ್ತಿದರೆ ಬರುವ ಸರಕು ಅದಲ್ಲ.

ಈಗ ಗುಂಡಿ ಒತ್ತಿದರೂ ಒಂದಷ್ಟು ಬರುತ್ತದೆ, ಅದು ನಿಜ. ಅದು ಸಾಧ್ಯವಾಗಲು ಪ್ಲೇಯರ್ ಪಿಯಾನೊಗಳೇ ಕಾರಣ ಎಂಬುದು ಸೊಗಸಾದ ವಿಷಯ. ಅಮೆರಿಕದ ಒಂದು ಅಂತರರಾಷ್ಟ್ರೀಯ ಪಿಯಾನೊ ಸ್ಪರ್ಧೆಯಲ್ಲಿ ಎಲ್ಲರೂ ಡಿಸ್ಕ್‌ಲಾವಿಯರ್‌ನಲ್ಲೇ ನುಡಿಸುತ್ತಾರೆ. ಹಾಗಾಗಿ ಪ್ರತಿ ನುಡಿಕೆಗೂ ಧ್ವನಿಯೂ ಇದೆ, ಕೀಗಳ ಲೆಕ್ಕವೂ ಇದೆ. ಸುಮಾರು 200 ಗಂಟೆಗಳ ಆ ಜೋಡಿ ದಾಖಲೆಯನ್ನು ಗೂಗಲ್‌ನ ಮಜೆಂಟಾ ತಂಡ ಮೇಸ್ಟ್ರೊ ಎಂಬ ಹೆಸರಿನಲ್ಲಿ 2018ರಲ್ಲಿ ಬಿಡುಗಡೆ ಮಾಡಿತು. ಕಂಪ್ಯೂಟರ್‌ಗಳು ಪಿಯಾನೊ ಕೇಳಿ ಮಿಡಿ ಬರೆಯುವುದನ್ನು ಕಲಿಯುತ್ತಿರುವುದು ಇಂಥ ದಾಖಲೆಗಳಿಂದ. ಒಂಟಿ ಪಿಯಾನೊ, ಸ್ವಚ್ಛ ಮುದ್ರಣ ಆದರೆ ಫಲಿತಾಂಶ ಬೆರಗು ಹುಟ್ಟಿಸುತ್ತದೆ. ಚಿತ್ರಗೀತೆಯ ಎಂಪಿ3 ಕೊಟ್ಟರೆ ಕಂಪ್ಯೂಟರ್ ಗಾಯಕಿಯ ದನಿಯನ್ನೂ ತಬಲಾವನ್ನೂ ಪಿಟೀಲನ್ನೂ ಪಿಯಾನೊದ ಕೀಗಳೆಂದು ತಿಳಿದು ರಾಶಿ ಹಾಕುತ್ತದೆ. ಅದನ್ನು ಪಿಯಾನೊಗೆ ಹಾಕಿದಾಗ ಬರುವುದನ್ನು ಸಂಗೀತ ಎನ್ನಲು ನನಗೆ ಮನಸ್ಸಿಲ್ಲ.

ತಪ್ಪು ಕಲ್ಪನೆ: ಕೆಲವು ಪ್ಲೇಯರ್ ಪಿಯಾನೊಗಳು ಎಂಪಿ3ಯನ್ನೇ ನುಡಿಸುತ್ತವೆ, ಆದ್ದರಿಂದ ಮೇಲಿನ ಮಾತು ಸುಳ್ಳು.

ವಾಸ್ತವ: ಅದೊಂದು ಜಾಣ ಉಪಾಯ. ಪಿಯಾನೊಡಿಸ್ಕ್, ಕ್ಯೂಆರ್‌ಎಸ್ ಮುಂತಾದ ಕಂಪನಿಗಳು ಸ್ಟೀರಿಯೊದ ಎರಡು ಚಾನೆಲ್‌ಗಳಲ್ಲಿ ಒಂದರಲ್ಲಿ ಹಿಮ್ಮೇಳದ ಸಂಗೀತವನ್ನೂ ಇನ್ನೊಂದರಲ್ಲಿ ಮಿಡಿಯ ಅಪ್ಪಣೆಗಳನ್ನು ಧ್ವನಿಯ ವೇಷ ಹಾಕಿಸಿಯೂ ಇಡುತ್ತವೆ. ಆ ಎರಡನೆಯ ಚಾನೆಲ್ ಕಿವಿಗೆ ಹಳೆಯ ಫ್ಯಾಕ್ಸ್ ಯಂತ್ರದ ಕಿರಿಚಾಟದಂತೆ ಕೇಳುತ್ತದೆ. ಪಿಯಾನೊದ ಪೆಟ್ಟಿಗೆ ಅದನ್ನು ಬಿಡಿಸಿ ಓದಿಕೊಳ್ಳುತ್ತದೆ. ಅಂಗಡಿಯಲ್ಲಿ ಕೊಂಡ ಮಾಮೂಲಿ ಎಂಪಿ3ಯಲ್ಲಿ ಈ ಚಾನೆಲ್ ಇರುವುದಿಲ್ಲ, ಹಾಗಾಗಿ ಸ್ಪೀಕರ್‌ನಲ್ಲಿ ಹಾಡು ಬರುತ್ತದೆ, ಕೀಗಳು ಕದಲುವುದಿಲ್ಲ.

ಇಂಥ ಫೈಲುಗಳನ್ನು ಇಟ್ಟುಕೊಂಡವರು ಎರಡು ವಿಷಯ ಗಮನಿಸಬೇಕು. ಜಾಗ ಉಳಿಸಲೆಂದು ಅವನ್ನು ಇನ್ನಷ್ಟು ಕುಗ್ಗಿಸಬಾರದು. ಎಂಪಿ3 ಕುಗ್ಗಿಸುವಾಗ ಮನುಷ್ಯನ ಕಿವಿಗೆ ತಿಳಿಯದ ಭಾಗಗಳನ್ನು ಕಿತ್ತು ಹಾಕುತ್ತದೆ, ಅಪ್ಪಣೆಯ ಚಾನೆಲ್‌ನಲ್ಲಿ ಆ ಭಾಗವೂ ಬೇಕಾಗಿರಬಹುದು. ಫೋನಿನ ಈಕ್ವಲೈಸರ್, ಬಾಸ್ ಬೂಸ್ಟ್, ಎಲ್ಲ ಹಾಡುಗಳ ಸದ್ದನ್ನು ಸಮ ಮಾಡುವ ಸೌಲಭ್ಯ ಇವುಗಳನ್ನೂ ಆರಿಸಿಡಬೇಕು. ಕಿವಿಗೆ ಹಿತ ಮಾಡಲು ಹೋಗಿ ಅವು ಅಪ್ಪಣೆಯನ್ನು ಕೆಡಿಸುತ್ತವೆ.

ತಪ್ಪು ಕಲ್ಪನೆ: ಮಿಡಿ ಎಂದ ಮೇಲೆ ಮಿಡಿ, ಯಾವುದಾದರೂ ನಡೆಯುತ್ತದೆ.

ವಾಸ್ತವ: 1983ರಲ್ಲಿ ಮಿಡಿ ಬಂದಾಗ ಅದರ ಗುರಿ ಬೇರೆ ಬೇರೆ ಕಂಪನಿಗಳ ಕೀಬೋರ್ಡ್‌ಗಳು ಒಂದಕ್ಕೊಂದು ಮಾತಾಡಬೇಕು ಎಂಬುದಾಗಿತ್ತು. ಒಂದು ತಂತಿಯಲ್ಲಿ 16 ಚಾನೆಲ್‌ಗಳು, ಒಂದೊಂದರಲ್ಲಿ ಒಂದೊಂದು ವಾದ್ಯ. ಇಂಟರ್‌ನೆಟ್ಟಿನಲ್ಲಿ ಸಿಗುವ ಬಹುಪಾಲು ಮಿಡಿ ಫೈಲುಗಳು ಈ ವಾದ್ಯವೃಂದಕ್ಕೆ ಬರೆದವು. ಪಿಯಾನೊ ಅದರಲ್ಲಿ ಒಬ್ಬ ಸದಸ್ಯ ಮಾತ್ರ. ಪ್ಲೇಯರ್ ಪಿಯಾನೊ ಸಾಮಾನ್ಯವಾಗಿ ಮೊದಲ ಚಾನೆಲ್‌ನಲ್ಲಿ, ಅಥವಾ ಎಡಗೈ ಬಲಗೈ ಬೇರೆಯಾಗಿದ್ದರೆ ಮೊದಲ ಎರಡರಲ್ಲಿ, ತನ್ನ ಪಾಲನ್ನು ಹುಡುಕುತ್ತದೆ. ಬರೆದವರು ಪಿಯಾನೊವನ್ನು ನಾಲ್ಕನೆಯದರಲ್ಲಿ ಇಟ್ಟಿದ್ದರೆ ನಿಮ್ಮ ಪಿಯಾನೊ ಮೌನವ್ರತ ಹಿಡಿಯುತ್ತದೆ. ಒಂದೇ ಕೈ ಕೇಳುವ ಕಾಯಿಲೆಯೂ ಇದೇ.

ಇನ್ನು ಎಲ್ಲ ಚಾನೆಲ್‌ಗಳನ್ನೂ ಪಿಯಾನೊಗೇ ತಿರುಗಿಸಿದರೆ? 10ನೇ ಚಾನೆಲ್ ವಾಡಿಕೆಯಂತೆ ಡ್ರಮ್ಮಿನದು. ಅಲ್ಲಿ 36 ಎಂದರೆ ದೊಡ್ಡ ಡ್ರಮ್ಮಿನ ಪೆಟ್ಟು. ಪಿಯಾನೊಗೆ 36 ಎಂದರೆ ನಡು ಸಿಯಿಂದ ಎರಡು ಸ್ಥಾಯಿ ಕೆಳಗಿನ ಸಿ. ಆಗ ತಾಳಕ್ಕೊಂದರಂತೆ ಆ ಮಂದ್ರದ ಕೀ ಬಡಿಸಿಕೊಳ್ಳುತ್ತ ಹೋಗುತ್ತದೆ. ಇದನ್ನು ಪಿಯಾನೊ ಕೆಟ್ಟಿದೆ ಎಂದು ದೂರಿದವರಿದ್ದಾರೆ.

ಫೈಲಿನ ಬಗೆಯಲ್ಲೂ ಭೇದ ಇದೆ. ಟೈಪ್ 0 ಎಂದರೆ ಎಲ್ಲವೂ ಒಂದೇ ಟ್ರ್ಯಾಕ್‌ನಲ್ಲಿ. ಟೈಪ್ 1 ಎಂದರೆ ಹಲವು ಟ್ರ್ಯಾಕ್‌ಗಳು ಜೊತೆಯಾಗಿ. ಹಳೆಯ ಕೆಲವು ಪಿಯಾನೊಗಳಿಗೆ ಟೈಪ್ 0 ಮಾತ್ರ ಅರ್ಥವಾಗುತ್ತದೆ. ಮೊದಲ ಡಿಸ್ಕ್‌ಲಾವಿಯರ್‌ಗಳಂತೂ ಇ-ಸೀಕ್ ಎಂಬ ಯಮಾಹಾದ ಸ್ವಂತ ರೂಪವನ್ನು ಬಳಸುತ್ತಿದ್ದವು. ಪರಿಹಾರ ಸುಲಭ: ಕಂಪ್ಯೂಟರಿನಲ್ಲಿ ಮಿಡಿ ಎಡಿಟರ್ ತೆರೆದು, ಪಿಯಾನೊದ ಭಾಗ ಯಾವುದೆಂದು ನೋಡಿ, ಅದನ್ನು ಮೊದಲ ಚಾನೆಲ್‌ಗೆ ತಂದು, ಉಳಿದುದನ್ನು ತೆಗೆದು ಅಥವಾ ಸ್ಪೀಕರ್‌ಗೆ ಬಿಟ್ಟು, ಟೈಪ್ 0 ಆಗಿ ಉಳಿಸುವುದು. ಮೂಲ ಫೈಲನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿಡಿ. ಮುಂದೊಂದು ದಿನ ಪಿಯಾನೊ ಬದಲಾದರೆ ಅದು ಬೇಕಾಗುತ್ತದೆ.

ತಪ್ಪು ಕಲ್ಪನೆ: ಯಂತ್ರದ ನುಡಿಕೆ, ಜೀವ ಎಲ್ಲಿಂದ ಬರಬೇಕು?

ವಾಸ್ತವ: ಮಿಡಿಯಲ್ಲಿ ಹೊಡೆತದ ರಭಸಕ್ಕೆ 1ರಿಂದ 127ರವರೆಗೆ ಮೆಟ್ಟಿಲು. ಒಳ್ಳೆಯ ವಾದಕರು ನುಡಿಸಿದಾಗ ದಾಖಲಾದ ಫೈಲಿನಲ್ಲಿ ಈ ಅಂಕಿಗಳು ಒಂದರ ಪಕ್ಕ ಒಂದು ಕದಲುತ್ತಿರುತ್ತವೆ. ಒಂದೇ ಬಾರಿಗೆ ಒತ್ತಿದ ಮೂರು ಸ್ವರಗಳಲ್ಲಿ ಮೇಲಿನದು 74, ನಡುವಿನದು 51, ಕೆಳಗಿನದು 58 ಹೀಗೆ. ಮೌಸ್ ಹಿಡಿದು ಸ್ವರಲಿಪಿಯಿಂದ ಕೂಡಿಸಿದ ಫೈಲಿನಲ್ಲಿ ಎಲ್ಲವೂ 80, ಎಲ್ಲವೂ ಗಡಿಯಾರದ ಮುಳ್ಳಿಗೆ ಸರಿಯಾಗಿ. ನಿರ್ಜೀವವಾಗಿ ಕೇಳುವುದು ಇದು. ಎಡಿಟರ್‌ನಲ್ಲಿ ತೆರೆದು ರಭಸದ ಕಾಲಂ ಮೇಲೆ ಕಣ್ಣಾಡಿಸಿದರೆ ಯಾವುದು ಬೆರಳಿನ ಫೈಲು, ಯಾವುದು ಮೌಸಿನದು ಎಂದು ನುಡಿಸದೆಯೇ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಫೈಲು ಸಂಗ್ರಹಿಸುವವರು ಕಲಿಯಬೇಕಾದ ಮೊದಲ ವಿದ್ಯೆ ಇದೇ. ಸಾವಿರಾರು ಫೈಲುಗಳ ಉಚಿತ ಕಟ್ಟುಗಳಲ್ಲಿ ಬಹಳಷ್ಟು ಜರಡಿಯಲ್ಲಿ ಉಳಿಯುವುದಿಲ್ಲ.

127 ಮೆಟ್ಟಿಲು ಸಾಲದು ಎನ್ನುವವರೂ ಇದ್ದಾರೆ. ಯಮಾಹಾದ ಮೇಲುಮಟ್ಟದ ಡಿಸ್ಕ್‌ಲಾವಿಯರ್‌ಗಳು 1,024 ಮೆಟ್ಟಿಲಲ್ಲಿ ದಾಖಲಿಸುತ್ತವೆ. 2015ರಲ್ಲಿ ಬಂದ ಸ್ಟೈನ್‌ವೇ ಸ್ಪಿರಿಯೊ 1,020 ಎನ್ನುತ್ತದೆ, ಪೆಡಲಿಗೆ 256. ಪೆಡಲ್‌ನ ವ್ಯತ್ಯಾಸ ಕಿವಿಗೆ ಬೇಗ ಸಿಗುತ್ತದೆ. ಹಳೆಯ ಎಷ್ಟೋ ಫೈಲುಗಳಲ್ಲಿ ಪೆಡಲ್ ಒತ್ತಿದೆ ಅಥವಾ ಬಿಟ್ಟಿದೆ, ಎರಡೇ ಸ್ಥಿತಿ. ಅರ್ಧ ಒತ್ತಿ ನಾದವನ್ನು ಸ್ವಲ್ಪ ಸ್ವಲ್ಪವೇ ಬಿಡುವ ಕಲೆಗೆ ನಡುವಿನ ಅಂಕಿಗಳು ಬೇಕೇ ಬೇಕು.

ಯಂತ್ರವನ್ನು ಯಂತ್ರವಾಗಿಯೇ ಪ್ರೀತಿಸಿದವನೂ ಒಬ್ಬನಿದ್ದ. ಅಮೆರಿಕದಲ್ಲಿ ಹುಟ್ಟಿ ಮೆಕ್ಸಿಕೊ ನಗರದಲ್ಲಿ ಬಾಳಿದ ಕಾನ್ಲನ್ ನ್ಯಾನ್‌ಕ್ಯಾರೊ ಪ್ಲೇಯರ್ ಪಿಯಾನೊಗೆಂದೇ ಫೈಲಿಗೆ ಮುಂಚಿನ ಪಿಯಾನೊಗಳು ಓದುತ್ತಿದ್ದ ಕಾಗದದ ರೋಲ್‌ನಲ್ಲಿ ಕೈಯಾರೆ ತೂತು ಕೊರೆದು ಕೃತಿ ರಚಿಸಿದ. ಹತ್ತು ಬೆರಳಿಗೆ ನಿಲುಕದ ವೇಗ, ಒಂದೇ ಹೊತ್ತಿಗೆ ಹಲವು ಲಯ. ಜೀವ ಇಲ್ಲ ಎನ್ನುವವರು ಅವನ್ನು ಒಮ್ಮೆ ಕೇಳಲಿ.

ತಪ್ಪು ಕಲ್ಪನೆ: ಹಳೆಯ ಕಾಗದದ ರೋಲ್ ಸ್ಕ್ಯಾನ್ ಮಾಡಿದ ಫೈಲು ಸಿಕ್ಕರೆ ಸ್ವತಃ ಮಹಾನ್ ವಾದಕನೇ ನುಡಿಸಿದಂತೆ.

ವಾಸ್ತವ: ಆಸೆ ಸಹಜ. ಸಂಯೋಜಕ ಗುಸ್ತಾವ್ ಮಾಲರ್‌ನ ನುಡಿಕೆಗೆ ಧ್ವನಿಮುದ್ರಣವೇ ಇಲ್ಲ. ಉಳಿದಿರುವುದು 1905ರ ನವೆಂಬರಿನಲ್ಲಿ ಲೈಪ್ಜಿಗ್‌ನಲ್ಲಿ ವೆಲ್ಟೆ-ಮಿನ್ಯೋನ್ ಯಂತ್ರಕ್ಕೆ ಅವನು ನುಡಿಸಿಕೊಟ್ಟ ರೋಲ್‌ಗಳು ಮಾತ್ರ. ಆದರೆ ರೋಲ್‌ಗಳೆಲ್ಲ ಒಂದೇ ಜಾತಿಯವಲ್ಲ. ಮನೆಮನೆಯಲ್ಲಿದ್ದ ಸಾಧಾರಣ 88 ಸ್ವರದ ರೋಲ್‌ನಲ್ಲಿ ಸ್ವರದ ತೂತುಗಳಿದ್ದವು, ಮೆಲು-ಜೋರಿನ ಲೆಕ್ಕ ಇರಲಿಲ್ಲ. ಅದನ್ನು ತುಂಬುತ್ತಿದ್ದವನು ಪೆಡಲ್ ತುಳಿಯುತ್ತ ಸನ್ನೆಕೋಲುಗಳನ್ನು ಅಲುಗಿಸುತ್ತ ಕೂತ ಮನೆಯ ಯಜಮಾನ. ಎಷ್ಟೋ ರೋಲ್‌ಗಳನ್ನು ಯಾರೂ ನುಡಿಸಿಯೇ ಇರಲಿಲ್ಲ, ಮೇಜಿನ ಮೇಲೆ ಸ್ವರಲಿಪಿ ಇಟ್ಟುಕೊಂಡು ತೂತು ಗುರುತು ಮಾಡಿದ್ದರು. ಇಂಥ ರೋಲ್‌ನ ಸ್ಕ್ಯಾನ್‌ನಿಂದ ಹುಟ್ಟಿದ ಫೈಲು ಮೌಸಿನ ಫೈಲಿಗಿಂತ ಹೆಚ್ಚಿನದೇನಲ್ಲ.

ವೆಲ್ಟೆ, ಡುಯೊ-ಆರ್ಟ್, ಆಂಪಿಕೊ ಮುಂತಾದ ವಿಶೇಷ ಬಗೆಯ ರೋಲ್‌ಗಳಲ್ಲಿ ಮಾತ್ರ ರಭಸದ ಸಂಕೇತಗಳೂ ಇದ್ದವು, ಒಂದೊಂದಕ್ಕೂ ಬೇರೆ ಲಿಪಿ. ವೆಲ್ಟೆಯ ಸಂಕೇತವನ್ನು ಆಂಪಿಕೊ ಎಂದು ಓದಿದರೆ ಪಿಸುಮಾತು ಕೂಗಾಟವಾಗುತ್ತದೆ. ವೇಗದ ಲೆಕ್ಕ ಇನ್ನೂ ಸೂಕ್ಷ್ಮ. ರೋಲ್ ಮೇಲೆ ಟೆಂಪೊ 70 ಎಂದಿದ್ದರೆ ಕಾಗದ ನಿಮಿಷಕ್ಕೆ 7 ಅಡಿ ಸರಿಯಬೇಕು ಎಂದು. ಆದರೆ ಕಾಗದ ಸುತ್ತಿಕೊಳ್ಳುವ ಉರುಳೆ ದಪ್ಪವಾಗುತ್ತ ಹೋದಂತೆ ಎಳೆತದ ವೇಗವೂ ಏರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ಫೈಲಿನಲ್ಲಿ ಕೃತಿ ಕೊನೆಕೊನೆಗೆ ಇರಬೇಕಾದ್ದಕ್ಕಿಂತ ನಿಧಾನವಾಗುತ್ತದೆ. ಹಾಗೆಂದು ಈ ದಾರಿಯೇ ವ್ಯರ್ಥ ಎಂದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ ರೋಲ್ ಸಂಗ್ರಹವನ್ನು ಸ್ಕ್ಯಾನ್ ಮಾಡಿ ಚಿತ್ರವನ್ನೂ ಮಿಡಿಯನ್ನೂ ಒಟ್ಟಿಗೆ ಇಟ್ಟಿದೆ. ವೇಯ್ನ್ ಸ್ಟಾಹ್ನ್ಕೆ ಎಂಬ ಎಂಜಿನಿಯರ್ ರಾಕ್ಮನಿನಾಫ್‌ನ ಆಂಪಿಕೊ ರೋಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಬೋಸೆಂಡೋರ್ಫರ್ ಪಿಯಾನೊದಲ್ಲಿ ನುಡಿಸಿದ್ದಾನೆ. ಗೆರ್ಶ್ವಿನ್‌ನ ರೋಲ್‌ಗಳನ್ನು ಆರ್ಟಿಸ್ ವುಡ್‌ಹೌಸ್ ಡಿಸ್ಕ್‌ಲಾವಿಯರ್‌ಗೆ ತಂದರು, 1993ರಲ್ಲಿ ಹೊರಬಂದ ಆ ಆಲ್ಬಮ್ ಜನಪ್ರಿಯವೂ ಆಯಿತು. ಫೈಲು ಯಾರ ಕೈಯಿಂದ ಬಂತು ಎಂಬುದನ್ನು ಫೈಲಿನ ಜೊತೆಗೇ ಬರೆದಿಟ್ಟುಕೊಳ್ಳಿ, ಅಷ್ಟು ಸಾಕು.

ತಪ್ಪು ಕಲ್ಪನೆ: ಸದ್ದು ಇಳಿಸುವ ಗುಂಡಿ ಒತ್ತಿದರೆ ಪಿಯಾನೊ ಮೆಲ್ಲಗಾಗುತ್ತದೆ, ಬೇರೇನೂ ಆಗದು.

ವಾಸ್ತವ: ತಂತಿಗೆ ವಾಲ್ಯೂಮ್ ಇಲ್ಲ. ಗುಂಡಿ ಮಾಡುವುದು ಎಲ್ಲ ಹೊಡೆತಗಳ ರಭಸವನ್ನು ತಗ್ಗಿಸುವ ಕೆಲಸ. ಒಂದು ಮಿತಿಗಿಂತ ಕೆಳಗೆ ಹೋದರೆ ಕೀ ಇಳಿಯುತ್ತದೆ, ಸುತ್ತಿಗೆ ತಂತಿಯವರೆಗೆ ತಲುಪುವುದಿಲ್ಲ. ರಾತ್ರಿ ಮೆಲ್ಲಗೆ ಹಾಕಿದಾಗ ಸ್ವರಗಳು ಕಾಣೆಯಾಗುವುದು ಇದಕ್ಕೇ. ಫೈಲನ್ನು ಬೈಯಬೇಡಿ, ತಂತ್ರಜ್ಞರನ್ನು ಕರೆಸಿ ಕೀಗಳ ಹೊಂದಾಣಿಕೆ ನೋಡಿಸಿ.

ತಪ್ಪು ಕಲ್ಪನೆ: ಕಂಪ್ಯೂಟರಿನಿಂದ ನುಡಿಸಿದರೆ ಪಿಯಾನೊ ಅರೆಕ್ಷಣ ತಡವಾಗಿ ನುಡಿಯುತ್ತದೆ, ಕೇಬಲ್ ಕೆಟ್ಟಿದೆ.

ವಾಸ್ತವ: ಬೇಕೆಂದೇ ತಡಮಾಡುತ್ತಿದೆ. ಜೋರಾದ ಹೊಡೆತದಲ್ಲಿ ಸುತ್ತಿಗೆ ಕೆಲವು ಹತ್ತು ಮಿಲಿಸೆಕೆಂಡಿನಲ್ಲಿ ತಂತಿ ಮುಟ್ಟುತ್ತದೆ, ಅತಿ ಮೆಲುವಾದ ಹೊಡೆತಕ್ಕೆ ನೂರು ದಾಟುತ್ತದೆ. ಅಪ್ಪಣೆ ಬಂದ ಕೂಡಲೇ ಒತ್ತಿದರೆ ಮೆಲುಸ್ವರಗಳೆಲ್ಲ ಹಿಂದೆ ಬಿದ್ದು ತಾಳ ಕುಂಟುತ್ತದೆ. ಅದಕ್ಕಾಗಿ ಡಿಸ್ಕ್‌ಲಾವಿಯರ್ ಹೊರಗಿನಿಂದ ಬಂದ ಅಪ್ಪಣೆಗಳನ್ನೆಲ್ಲ 500 ಮಿಲಿಸೆಕೆಂಡು ಹಿಡಿದಿಟ್ಟು, ಮೆಲುವಾದ್ದನ್ನು ಮುಂಚೆ, ಜೋರಾದ್ದನ್ನು ಆಮೇಲೆ ಹೊರಡಿಸಿ, ಎಲ್ಲವೂ ಸರಿಯಾದ ಅಂತರದಲ್ಲಿ ತಂತಿ ಮುಟ್ಟುವಂತೆ ನೋಡಿಕೊಳ್ಳುತ್ತದೆ. ಕಂಪ್ಯೂಟರಿನ ಸ್ಪೀಕರಿನಲ್ಲಿ ಹಿಮ್ಮೇಳ ಬರುತ್ತಿದ್ದರೆ ಅದನ್ನೂ ಅಷ್ಟೇ ತಡಮಾಡಿಸಿ. ತಡವನ್ನು ಸೆಟ್ಟಿಂಗ್‌ನಲ್ಲಿ ಆರಿಸಬಹುದು, ಆದರೆ ಬೆಲೆ ತೆರುವುದು ಲಯ.

ತಪ್ಪು ಕಲ್ಪನೆ: ಒಳ್ಳೆಯ ಫೈಲು ಇದ್ದರೆ ರಾಗವನ್ನೂ ನುಡಿಸಬಹುದು.

ವಾಸ್ತವ: ಮಿಡಿಯಲ್ಲಿ ಸ್ವರವನ್ನು ಬಾಗಿಸುವ ಅಪ್ಪಣೆ ಇದೆ, ಪಿಚ್ ಬೆಂಡ್ ಎಂದು. ಸಿಂಥಸೈಜರ್‌ನಲ್ಲಿ ಅದರಿಂದ ಗಮಕದ ನೆರಳನ್ನಾದರೂ ತರಬಹುದು. ಪಿಯಾನೊದ ತಂತಿಯನ್ನು ಬಿಗಿದಾಗಿದೆ. ಸುತ್ತಿಗೆ ಬಡಿದು ಹಿಂದೆ ಸರಿದ ಮೇಲೆ ಬಾಗಿಸುವವರು ಯಾರು? ಪಿಯಾನೊ ಆ ಅಪ್ಪಣೆಯನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಗಮಕಗಳನ್ನೆಲ್ಲ ಬೆಂಡ್ ಆಗಿ ಬರೆದ ತೋಡಿಯ ಫೈಲು ಹಾಕಿದರೆ ಉಳಿಯುವುದು ನೆಟ್ಟಗೆ ನಿಂತ ಸ್ವರಗಳು. ತೋಡಿಯ ಗಾಂಧಾರ ಅಲುಗದೆ ನಿಂತರೆ ಅದು ತೋಡಿ ಎಂದು ಒಪ್ಪುವ ರಸಿಕರು ನನಗೆ ಗೊತ್ತಿಲ್ಲ. ಪಿಯಾನೊಗೆ ಒಗ್ಗುವಂತೆ ಒಬ್ಬ ವಾದಕ ಕೂತು ಹೊಸದಾಗಿ ನುಡಿಸಿ ದಾಖಲಿಸಿದರೆ ಅದು ಬೇರೆ ಮಾತು.

ತಪ್ಪು ಕಲ್ಪನೆ: ಮಿಡಿಯಲ್ಲಿ ಧ್ವನಿಯೇ ಇಲ್ಲ ಎಂದ ಮೇಲೆ ಹಕ್ಕುಸ್ವಾಮ್ಯವೂ ಇಲ್ಲ.

ವಾಸ್ತವ: ಈ ವಾದ ಒಂದು ಸಲ ಗೆದ್ದಿತ್ತು! 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ವೈಟ್-ಸ್ಮಿತ್ ಮತ್ತು ಅಪೊಲೊ ಕಂಪನಿಗಳ ಮೊಕದ್ದಮೆಯಲ್ಲಿ, ತೂತಿನ ರೋಲನ್ನು ಮನುಷ್ಯರು ಓದಲಾರರು, ಆದ್ದರಿಂದ ಅದು ಸ್ವರಲಿಪಿಯ ನಕಲಲ್ಲ ಎಂದು ತೀರ್ಪಿತ್ತಿತು. ಮರುವರ್ಷವೇ ಅಲ್ಲಿನ ಸಂಸತ್ತು ಕಾನೂನು ಬದಲಿಸಿ ಪ್ರತಿ ರೋಲಿಗೆ ಸಂಯೋಜಕನಿಗೆ 2 ಸೆಂಟ್ ಕೊಡಬೇಕು ಎಂದಿತು. ಭಾರತದಲ್ಲಿ ಸಂಗೀತ ಕೃತಿಯ ಹಕ್ಕು ಸಂಯೋಜಕ ತೀರಿದ ನಂತರವೂ 60 ವರ್ಷ ಇರುತ್ತದೆ. ಎಂದೋ ತೀರಿಹೋದ ಶೋಪಾನ್‌ನ ಕೃತಿ ಎಲ್ಲರ ಸ್ವತ್ತು. ನಿನ್ನೆಮೊನ್ನೆಯ ಚಿತ್ರಗೀತೆ ಅಲ್ಲ. ಮನೆಯಲ್ಲಿ ನಿಮ್ಮಷ್ಟಕ್ಕೆ ನುಡಿಸಿಕೊಳ್ಳುವುದು ಒಂದು, ಹೋಟೆಲಿನ ಲಾಬಿಯಲ್ಲಿ ದಿನವಿಡೀ ನುಡಿಸುವುದು ಇನ್ನೊಂದು. ಎರಡನೆಯದಕ್ಕೆ ಪರವಾನಗಿ ಬೇಕು.

ತಪ್ಪು ಕಲ್ಪನೆ: ಫೈಲಿನ ಹೆಸರು ಕನ್ನಡದಲ್ಲಿ ಬದಲಿಸಿಟ್ಟರೆ ಪಿಯಾನೊದ ಪರದೆಯಲ್ಲೂ ಹಾಗೇ ಕಾಣುತ್ತದೆ.

ವಾಸ್ತವ: ಅನೇಕ ಪಿಯಾನೊಗಳು ತೋರಿಸುವುದು ಫೈಲಿನ ಹೊರಹೆಸರನ್ನಲ್ಲ, ಒಳಗೆ ಬರೆದಿಟ್ಟ ಶೀರ್ಷಿಕೆಯನ್ನು. ಹೊರಗೆ ನೀವು ಏನೇ ಹೆಸರಿಟ್ಟರೂ ಪರದೆಯಲ್ಲಿ ಅನ್‌ಟೈಟಲ್ಡ್ ಎಂದೇ ಬರುತ್ತಿದ್ದರೆ ಕಾರಣ ಇದು. ಎಡಿಟರ್‌ನಲ್ಲಿ ಮೊದಲ ಟ್ರ್ಯಾಕಿನ ಹೆಸರು ಬದಲಿಸಿ, ರೋಮನ್ ಅಕ್ಷರದಲ್ಲೇ ಚುಟುಕಾಗಿ ಬರೆಯಿರಿ. ಫ್ಲಾಪಿ ಇರುವ ಹಳೆಯ ಪಿಯಾನೊದವರು ಮೊದಲು ಆ ಫ್ಲಾಪಿಗಳಲ್ಲಿ ಇರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲಿ. ಅಯಸ್ಕಾಂತದ ಪದರ ಸವೆಯುತ್ತಿದೆ, ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವುದೂ ಉಂಟು. ಆಮೇಲೆ ಫ್ಲಾಪಿ ಡ್ರೈವಿನ ಜಾಗಕ್ಕೆ ಪೆನ್‌ಡ್ರೈವ್ ಓದುವ ಎಮ್ಯುಲೇಟರ್ ಕೂರಿಸಬಹುದು. ಅದು ಪೆನ್‌ಡ್ರೈವನ್ನು ಹಲವು ಫ್ಲಾಪಿಗಳಾಗಿ ಹಂಚಿ ತೋರಿಸುತ್ತದೆ, ಹಾಗಾಗಿ ಯಾವ ನಂಬರಿನಲ್ಲಿ ಯಾವ ಹಾಡುಗಳಿವೆ ಎಂಬ ಪಟ್ಟಿಯನ್ನು ಪಿಯಾನೊ ಬೆಂಚಿನೊಳಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅನುಕೂಲ.